ಹುಸೇನ್ ಸಾಗರ ನೋಡಲು ಹೋಗ್ತೀರಾ? ದಂಡೆ ಮೇಲಿನ ಫೋಟೋದವರ ಬಗ್ಗೆ ಹುಷಾರಾಗಿರಿ

ರಾಯಚೂರು ಕಡೆಯಿಂದ ಆಸ್ಪತ್ರೆ ಕೆಲಸಕ್ಕೆ ಹೈದರಾಬಾದಿಗೆ ಹೋಗುವವರು ದಿನಾ ಇರುತ್ತಾರೆ. ಡಾಕ್ಟರನ್ನು ನೋಡಿದ್ದಾಯಿತು, ಊರಿನ ಬಸ್ಸಿಗೆ ಇನ್ನೂ ಟೈಮ್ ಇರುತ್ತದೆ. ಜೊತೆಗೆ ಮಕ್ಕಳಿದ್ದರೆ 'ಹುಸೇನ್ ಸಾಗರ ಕೆರೆಗೆ ಹೋಗಿ ಬುದ್ಧನ್ನ ನೋಡೋಣ' ಅಂತ ಹಟ ಹಿಡಿಯುತ್ತಾರೆ. ಹಾಗೆ ಹೋಗುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಲುಂಬಿನಿ ಪಾರ್ಕ್ ಹತ್ತಿರ, ಗೇಟಿನ ಹೊರಗೆ, ಕೆರೆ ಪಕ್ಕದ ಫುಟ್‌ಪಾತ್ ಮೇಲೆ ಕ್ಯಾಮೆರಾ ಹಿಡಿದು 'ಒಂದೇ ಒಂದು ಫೋಟೋ' ಅಂತ ಯಾರಾದರೂ ಬಂದರೆ ಹ್ಞೂಂ ಅನ್ನಬೇಡಿ. ನಮ್ಮ ಅವ್ವನ ಕೈಯಿಂದ ಅಂಥವರು ಸಾವಿರ ರೂಪಾಯಿ ಕಿತ್ತುಕೊಂಡರು. ರೊಕ್ಕ ಹೋದದ್ದಕ್ಕಿಂತ ಆಕೆ ಅಲ್ಲಿ ಹೆದರಿ ನಡುಗಿದ್ದು ನನಗೆ ಈಗಲೂ ಸಂಕಟ.

ಜಾಗ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನೋಡಲೇಬೇಕಾದ ಜಾಗ ಅದು. ಇಬ್ರಾಹಿಂ ಕುತುಬ್ ಷಾ ಕಾಲದಲ್ಲಿ, 1563ರ ಸುಮಾರಿಗೆ ಕಟ್ಟಿದ ಕೆರೆ. ಹೈದರಾಬಾದ್ ಅನ್ನುವ ಊರು ಹುಟ್ಟಿದ್ದೇ 1591ರಲ್ಲಿ. ಅಂದರೆ ಊರಿಗಿಂತ ಕೆರೆಗೇ ಜಾಸ್ತಿ ವಯಸ್ಸು. ಒಂದು ಕಾಲಕ್ಕೆ ಊರಿಗೆ ಕುಡಿಯುವ ನೀರು ಕೊಟ್ಟದ್ದೂ ಇದೇ. ನಡುನೀರಿನ ಬಂಡೆ ಮೇಲೆ 58 ಅಡಿ ಎತ್ತರದ ಏಕಶಿಲೆ ಬುದ್ಧ ನಿಂತಿದ್ದಾನೆ. 1990ರಲ್ಲಿ ಆ ಮೂರ್ತಿಯನ್ನು ಸಾಗಿಸುವಾಗ ದೋಣಿ ಮಗುಚಿ ಜನ ಸತ್ತರು. ಮೂರ್ತಿ ಎರಡು ವರ್ಷಕ್ಕೂ ಜಾಸ್ತಿ ಕೆರೆಯ ತಳದಲ್ಲೇ ಬಿದ್ದಿತ್ತು. 1992ರ ಡಿಸೆಂಬರಿನಲ್ಲಿ ಎತ್ತಿ ನಿಲ್ಲಿಸಿದರು. ನಮ್ಮವರಿಗೆ ಆ ಊರಿನ ಮೇಲೆ ಬೇರೆಯದೇ ಸಲಿಗೆ ಇದೆ. 1956ರ ನವೆಂಬರ್ ತನಕ ರಾಯಚೂರು ಹೈದರಾಬಾದ್ ರಾಜ್ಯದ ಒಂದು ಜಿಲ್ಲೆಯೇ ಆಗಿತ್ತು, ಅಲ್ವಾ? ಅಲ್ಲಿನ ತೆಲುಗು, ಉರ್ದು ಎರಡೂ ನಮ್ಮ ಕಿವಿಗೆ ಪರಕೀಯ ಅನ್ನಿಸುವುದಿಲ್ಲ. ಅದಕ್ಕೇ ಹಿರಿಯರು ಅಲ್ಲಿ ಯಾರು ಮಾತಾಡಿಸಿದರೂ ಊರಿನವರ ಹಾಗೆ ನಕ್ಕು ಉತ್ತರ ಕೊಡುತ್ತಾರೆ.

ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಅವತ್ತು ತಪಾಸಣೆಗೆ ಕರೆಸಿದ್ದರು. ಕಣ್ಣೊಳಗೆ ನೋಡಬೇಕು ಅಂತ ಪಾಪೆ ಅಗಲ ಆಗುವ ಡ್ರಾಪ್ಸ್ ಹಾಕಿದ್ದರು. ಆ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ತಾಸು ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಕರಿ ಕನ್ನಡಕ ಹಾಕಿಕೊಂಡು ಆಕೆ ಕೆರೆ ಕಟಾಂಜನದ ಪಕ್ಕ ಕಟ್ಟೆ ಮೇಲೆ ಕೂತಳು. ಜೊತೆಗೆ ತಂಗಿಯ ದೊಡ್ಡ ಮಗಳು ಇದ್ದಳು. ಸಣ್ಣದನ್ನು ಎತ್ತಿಕೊಂಡು ತಂಗಿ ಶೌಚಾಲಯ ಹುಡುಕಲು ಹೋಗಿದ್ದಳು. ನಾನು ಬೋಟಿನ ಟಿಕೆಟ್ ವಿಚಾರಿಸಲು ಪಾರ್ಕಿನ ಕೌಂಟರಿಗೆ ಹೋದೆ. ಅಷ್ಟರಲ್ಲೇ ಇಷ್ಟೆಲ್ಲ ನಡೆದದ್ದು.

ಮೊದಲು ಬಂದವನು ಬಲು ಮೆತ್ತನೆಯ ಮನುಷ್ಯ. "ಅಮ್ಮಾ, ಒಕ್ಕ ಫೋಟೋ ದಿಗಂಡಿ" ಅಂದ. ಎಷ್ಟು ಅಂತ ಅವ್ವ ಕೇಳಿದ್ದಾಳೆ. ಐವತ್ತು ಅಂದ. "ನಚ್ಚಿತೇನೇ ತೀಸ್ಕೋಂಡಿ," ಇಷ್ಟ ಆದರೆ ಮಾತ್ರ ತಗೊಳ್ಳಿ ಅಂತಲೂ ಹೇಳಿದ. ಮೊಮ್ಮಗಳ ಆಸೆ, ಐವತ್ತೇ ತಾನೆ ಅಂತ ಅವ್ವ ಒಪ್ಪಿದಳು. ಆಮೇಲೆ ಶುರುವಾಯಿತು ನೋಡಿ. ಬುದ್ಧನ ತಲೆ ಮೇಲೆ ಬೆರಳು ಇಟ್ಟ ಹಾಗೆ ಒಂದು, ಬುದ್ಧನನ್ನು ಅಂಗೈ ಮೇಲೆ ಹೊತ್ತ ಹಾಗೆ ಒಂದು, ಅಜ್ಜಿಯ ಕೆನ್ನೆಗೆ ಕೆನ್ನೆ ಹಚ್ಚಿ ಒಂದು, ಕೈ ಬಿಚ್ಚಿ ಒಂದು. ಪ್ರತಿ ಪೋಸಿಗೂ ನಾಲ್ಕೈದು ಸಲ ಕ್ಲಿಕ್. ಹುಡುಗಿಗೆ ಆಟ. ಅವನಿಗೆ ಲೆಕ್ಕ.

ಆಮೇಲೆ ಕ್ಯಾಮೆರಾದ ಸಣ್ಣ ಪರದೆಯನ್ನು ಅವ್ವನ ಮುಖಕ್ಕೆ ಹಿಡಿದು ಒಂದೊಂದೇ ಸರಿಸುತ್ತಾ "ಬಾಗುಂದಾ ಅಮ್ಮಾ?" ಅಂತ ಕೇಳಿದ್ದಾನೆ. ಡ್ರಾಪ್ಸ್ ಹಾಕಿದ ಕಣ್ಣಿಗೆ ಆ ಬಿಸಿಲಲ್ಲಿ ಏನು ಕಾಣಬೇಕು? ಪಾಪ, ಎದುರಿಗಿದ್ದವನಿಗೆ ಬೇಜಾರಾಗಬಾರದು ಅಂತ ಎಲ್ಲದಕ್ಕೂ "ಚಂದ ಐತಪ್ಪಾ, ಚಂದ ಐತಿ" ಅಂದಿದ್ದಾಳೆ. ಆಕೆ ಚಂದ ಐತಿ ಅಂದದ್ದೆಲ್ಲ ಪ್ರಿಂಟಿಗೆ ಹೋಯಿತು. ಪಕ್ಕದಲ್ಲಿ ಇನ್ನೊಬ್ಬ ಹೆಗಲ ಚೀಲದಲ್ಲಿ ಬ್ಯಾಟರಿ ಪ್ರಿಂಟರ್ ಇಟ್ಟುಕೊಂಡು ನಿಂತಿದ್ದ. ಚೀಲದ ಬಾಯಿಂದ ಫೋಟೋ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

ನಾನು ವಾಪಸ್ ಬರುವ ಹೊತ್ತಿಗೆ ಅವ್ವನ ತೊಡೆ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ 26 ಫೋಟೋ. ಮುಂದೆ ಮೂರನೆಯವನೊಬ್ಬ ಕೈ ಚಾಚಿಕೊಂಡು ನಿಂತಿದ್ದಾನೆ. 1,300 ಕೊಡಿ ಅಂತ ಜೋರು ದನಿ. ಫೋಟೋ ತೆಗೆದವನು ಅಲ್ಲಿ ಇಲ್ಲವೇ ಇಲ್ಲ. ಒಂದೇ ಅಂತ ಹೇಳಿದ್ದ, ಇಷ್ಟ ಆದರೆ ಮಾತ್ರ ಅಂದಿದ್ದ ಅಂತ ಹುಡುಗಿ ಅಳುತ್ತಾ ಹೇಳುತ್ತಿದ್ದಳು. ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ, ಪ್ರಿಂಟ್ ಆಗಿದೆ, ದುಡ್ಡು ಕೊಡಿ ಅಂತ ಇವನದು ಒಂದೇ ಮಾತು. ಇದೇ ಆ ಆಟದ ಗುಟ್ಟು. ರೇಟು ಹೇಳುವವನು ಬೇರೆ, ಪ್ರಿಂಟ್ ತೆಗೆಯುವವನು ಬೇರೆ, ವಸೂಲಿಗೆ ಬರುವವನು ಬೇರೆ. ಯಾರ ಜೊತೆ ಮಾತಾಗಿತ್ತೋ ಅವನು ಜಗಳದ ಹೊತ್ತಿಗೆ ಸಿಗುವುದೇ ಇಲ್ಲ.

ಅವ್ವ ಆಗಲೇ ಸೊಂಟದ ಚೀಲದಿಂದ ಎರಡು ಐನೂರರ ನೋಟು ತೆಗೆದು ಕೊಟ್ಟುಬಿಟ್ಟಿದ್ದಳು. ಹೊಸ ಕನ್ನಡಕಕ್ಕೆ ಅಂತ ಇಟ್ಟಿದ್ದ ರೊಕ್ಕ ಅದು. ಉಳಿದ ಮುನ್ನೂರಕ್ಕೆ ಅವನು ಕೂಗಾಡುತ್ತಿದ್ದ. ಜನ ನಿಂತು ನೋಡುತ್ತಿದ್ದರು. "ಕೊಟ್ಟು ಕಳಿಸಪ್ಪ, ಊರಿಗೆ ಹೋಗಿಬಿಡೋಣ" ಅಂತ ಅವ್ವ ನನ್ನ ಅಂಗಿ ತೋಳು ಹಿಡಿದು ಎಳೆಯುತ್ತಿದ್ದಳು. ಆಕೆಯ ಕೈ ಬೆವೆತು ತಣ್ಣಗಾಗಿತ್ತು. ಒಂದು ಫೋಟೋ ಇಟ್ಟುಕೊಂಡು ಉಳಿದದ್ದು ವಾಪಸ್ ಕೊಡುತ್ತೇವೆ, ರೊಕ್ಕ ಕೊಡು ಅಂದೆ. ಆಗಲ್ಲ ಅಂದ. ಹಾಗಾದರೆ ಲೇಕ್ ಪೊಲೀಸ್ ಸ್ಟೇಷನ್ನಿಗೆ ನಡಿ ಅಂದು ಫೋನ್ ತೆಗೆದೆ. ಆಗ ಮುನ್ನೂರರ ಮಾತು ಬಿಟ್ಟ. ನಾನು ನಂಬರ್ ಒತ್ತುವಷ್ಟರಲ್ಲಿ ಪ್ರಿಂಟರ್ ಚೀಲದವನ ಬೈಕ್ ಹತ್ತಿ ಹೊರಟೇ ಹೋದ. ಸಾವಿರ ಹೋಯಿತು.

ಆ ಫೋಟೋಗಳ ಗತಿ ಕೇಳಿ. ಬಸ್ಸು ಮೆಹಬೂಬ್‌ನಗರ ದಾಟುವ ಹೊತ್ತಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಬಣ್ಣ ಕಿತ್ತು ಬಂತು. ಹುಡುಗಿಯ ಮುಖ ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರ ಬೆನ್ನಿಗೆ.

ದಂಡೆ ಮೇಲೆ ಕ್ಯಾಮೆರಾ ಹಿಡಿದವರೆಲ್ಲ ಹೀಗೇ ಅಂತ ನಾನು ಹೇಳುವುದಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಆ ಕೆಲಸ ನಂಬಿದವರ ಹೊಟ್ಟೆಪಾಡು ಕಷ್ಟ ಆಗಿರಬಹುದು. ನಿಯತ್ತಾಗಿ ಒಂದು ಫೋಟೋಕ್ಕೆ ಒಂದರ ದುಡ್ಡು ತಗೊಳ್ಳುವವರೂ ಇರುತ್ತಾರೆ. ಆದರೆ ಕಣ್ಣು ಕಾಣದ ಮುದುಕಿಯನ್ನು ನೋಡಿ ಆರಿಸಿಕೊಂಡು ಬರುವವರಿಗೆ ಬಡತನದ ನೆಪ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೋಗುವವರು ಇಷ್ಟು ನೆನಪಿಡಿ. ಕಾಯುವುದಿದ್ದರೆ ಹೊರಗಿನ ಫುಟ್‌ಪಾತಿನಲ್ಲಿ ಬೇಡ. ಪಾರ್ಕಿನ ಟಿಕೆಟ್ ತಗೊಂಡು ಎಲ್ಲರೂ ಒಳಗೇ ಹೋಗಿ ಕೂರಿ. 2007ರ ಆಗಸ್ಟ್ 25ರಂದು ಆ ಪಾರ್ಕಿನ ಲೇಸರ್ ಶೋ ನಡೆಯುವಾಗ ಬಾಂಬ್ ಸಿಡಿದು ಜನ ಸತ್ತಿದ್ದರು. ಅದಾದ ಮೇಲೆ ಗೇಟಿನಲ್ಲಿ ಚೀಲ ತಪಾಸಣೆ, ಕಾವಲು ಎಲ್ಲ ಬಿಗಿಯಾಯಿತು. ಒಳಗೆ ಯಾರಾದರೂ ಗದರಿದರೆ ಕೂಗಿ ಕರೆಯಲು ಒಬ್ಬ ಸೆಕ್ಯೂರಿಟಿಯವನಾದರೂ ಇರುತ್ತಾನೆ. ಬುದ್ಧನ ಹತ್ತಿರ ಹೋಗುವ ಬೋಟಿನ ಟಿಕೆಟ್ಟನ್ನೂ ಒಳಗಿನ ಕೌಂಟರಿನಲ್ಲೇ ತಗೊಳ್ಳಿ. ಹೊರಗೆ ಯಾರಾದರೂ 'ಕ್ಯೂ ಇಲ್ಲದೆ ಕಳಿಸ್ತೀನಿ' ಅಂದರೆ ನಿಲ್ಲಲೇಬೇಡಿ.

ಫೋಟೋ ಬೇಕೇ ಬೇಕು ಅಂದರೆ ಪಕ್ಕದಲ್ಲಿ ನಿಂತ ಇನ್ನೊಂದು ಸಂಸಾರದವರ ಕೈಗೆ ನಿಮ್ಮ ಫೋನ್ ಕೊಟ್ಟು ಒಂದು ತೆಗೆಸಿಕೊಳ್ಳಿ. ಅವರದ್ದನ್ನು ನೀವು ತೆಗೆದುಕೊಡಿ. ಪ್ರಿಂಟೇ ಬೇಕು ಅಂತ ಹಿರಿಯರು ಆಸೆಪಟ್ಟರೆ ಊರಿಗೆ ಬಂದು ಸ್ಟುಡಿಯೋದಲ್ಲಿ ಹಾಕಿಸಿದರಾಯಿತು. ಅಲ್ಲೇ ಮಾಡಿಸುವುದಾದರೆ 'ಒಂದೇ ಕ್ಲಿಕ್, ಒಂದೇ ಪ್ರಿಂಟ್, ಐವತ್ತು ರೂಪಾಯಿ' ಅಂತ ಮೊದಲೇ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ. ಎರಡನೇ ಸಲ ಕ್ಯಾಮೆರಾ ಎತ್ತಿದರೆ ಎದ್ದು ನಡೆಯಿರಿ. ಕೇಳದ ಪ್ರಿಂಟನ್ನು ಕೈಯಲ್ಲಿ ಹಿಡಿಯಬೇಡಿ, ತೊಡೆ ಮೇಲೆ ಇಡಲು ಬಿಡಬೇಡಿ. ಕೈಗೆ ಬಂತು ಅಂದರೆ ನಿಮ್ಮದು ಅಂತಲೇ ಅವರು ವಾದ ಮಾಡುತ್ತಾರೆ.

ಜೋರು ಮಾಡಿದರೆ 112ಕ್ಕೆ ಫೋನ್ ಮಾಡಿ. ಕೆರೆಗೆ ಅಂತಲೇ ಅಲ್ಲಿ ಬೇರೆ ಲೇಕ್ ಪೊಲೀಸ್ ಸ್ಟೇಷನ್ ಇದೆ, ಆ ಹೆಸರು ಹೇಳಿದರೂ ಸಾಕು, ದನಿ ಇಳಿಯುತ್ತದೆ. ಯುಪಿಐನಲ್ಲಿ ದುಡ್ಡು ಹೋಗಿ ಮೋಸ ಅಂತ ಗೊತ್ತಾದರೆ ಬಸ್ ಹತ್ತುವ ತನಕ ಕಾಯದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಇನ್ನೊಂದು ಮಾತು, ಕಣ್ಣಿನ ಆಸ್ಪತ್ರೆಯಿಂದ ಬರುವವರಿಗೆ. ಡ್ರಾಪ್ಸ್ ಹಾಕಿಸಿಕೊಂಡ ದಿನ ಹಿರಿಯರನ್ನು ಕೆರೆ ಕಡೆ ಕರೆದುಕೊಂಡು ಹೋಗಲೇಬೇಡಿ. ಬಿಸಿಲಿಗೆ ಅವರಿಗೆ ಬುದ್ಧನೂ ಕಾಣುವುದಿಲ್ಲ, ನೋಟಿನ ಬಣ್ಣವೂ ಗೊತ್ತಾಗುವುದಿಲ್ಲ. ಮಕ್ಕಳು ಹಟ ಮಾಡಿದರೆ ಇನ್ನೊಮ್ಮೆ ಬರೋಣ ಅನ್ನಿ. ಎಂಜಿಬಿಎಸ್‌ ಬಸ್ ನಿಲ್ದಾಣದಲ್ಲಿ ಇಳಿದು ಕೆಂಪು ಲೈನಿನ ಮೆಟ್ರೋ ಹತ್ತಿದರೆ ಲಕಡಿ ಕಾ ಪೂಲ್ ಅಥವಾ ಖೈರತಾಬಾದ್ ಸ್ಟೇಷನ್, ಅಲ್ಲಿಂದ ಕೆರೆಗೆ ಆಟೋದಲ್ಲಿ ಸ್ವಲ್ಪವೇ ದೂರ. ನಾವೂ ದಸರಾ ರಜೆಯಲ್ಲಿ ಹಾಗೇ ಹೋಗಬೇಕು ಅಂತಿದ್ದೇವೆ. ಬೋಟಿನಲ್ಲಿ ಕೂತು ಬುದ್ಧನ ಪಾದದ ತನಕ ಹೋಗಬೇಕು ಅಂತ ಅವ್ವನಿಗೆ ಇನ್ನೂ ಆಸೆ ಇದೆ.