‘ಸ್ಮೈಲ್’: ಕಳ್ಳ ಟೇಪು, ಹೊಸ ಗಾಯನ, ಹಳೆಯ ಪೆಟ್ಟಿಗೆ

ಅಮೆರಿಕದ ರಾಕ್ ತಂಡ ಬೀಚ್ ಬಾಯ್ಸ್‌ನ ‘ಸ್ಮೈಲ್’ ಆಲ್ಬಮ್ 1967ರಲ್ಲೇ ಅಂಗಡಿಗೆ ಬರಬೇಕಿತ್ತು. ಕ್ಯಾಪಿಟಲ್ ಎಂಬ ರೆಕಾರ್ಡ್ ಕಂಪನಿ ಲಕ್ಷಗಟ್ಟಲೆ ಹೊದಿಕೆಗಳನ್ನೂ ಅಚ್ಚು ಹಾಕಿಸಿತ್ತು. ತಂಡದ ಸಂಗೀತ ಸಂಯೋಜಕ ಬ್ರಯಾನ್ ವಿಲ್ಸನ್ ಒಂದೊಂದು ಹಾಡನ್ನೂ ತುಂಡು ತುಂಡಾಗಿ ಧ್ವನಿಮುದ್ರಿಸಿ, ಆಮೇಲೆ ಜೋಡಿಸುವ ದಾರಿ ಹಿಡಿದಿದ್ದರು. ಜೋಡಣೆ ಮುಗಿಯುವ ಮೊದಲೇ ಕೈಬಿಟ್ಟರು. ಆ ಸೆಪ್ಟೆಂಬರ್‌ನಲ್ಲಿ ಬಂದದ್ದು ‘ಸ್ಮೈಲಿ ಸ್ಮೈಲ್’ ಎಂಬ ಬೇರೆಯೇ ಆಲ್ಬಮ್. ಬಾರದ ಆಲ್ಬಮ್ ಇಂದು ಮೂರು ರೂಪಗಳಲ್ಲಿ ಕೇಳಸಿಗುತ್ತದೆ. ಮೂರನ್ನೂ ಒಂದರ ಬೆನ್ನಿಗೊಂದು ಕೇಳಿ ಬರೆಯುತ್ತಿದ್ದೇನೆ.

ಮೊದಲನೆಯದು ಬೂಟ್‌ಲೆಗ್, ಎಂದರೆ ಸೋರಿಹೋದ ಟೇಪುಗಳ ನಕಲಿನ ನಕಲು. ‘ಸುಂಯ್’ ಎನ್ನುವ ಸದ್ದು ಹಿಂದೆ ಹರಿಯುತ್ತಲೇ ಇರುತ್ತದೆ, ಕೋರಸ್‌ನ ಮೇಲಿನ ಸ್ವರಗಳು ಮಸುಕಾಗಿರುತ್ತವೆ. ಆದರೂ ದಶಕಗಳ ಕಾಲ ಜನ ಇದಕ್ಕೆ ಅಂಟಿಕೊಂಡದ್ದು ಕದ್ದ ಮಾಲೆಂಬ ರುಚಿಗಲ್ಲ. ‘ಹೀರೋಸ್ ಆಂಡ್ ವಿಲನ್ಸ್’ ಹಾಡಿನ ತುಣುಕುಗಳನ್ನು ನೀವೇ ಹೊಂದಿಸಿಕೊಳ್ಳಬಹುದು. ಮದ್ಯದಂಗಡಿಯ ‘ಕ್ಯಾಂಟೀನಾ’ ಭಾಗವನ್ನು ನಡುವಿಗೆ ಇಟ್ಟು ನೋಡಿದೆ: ಇಡೀ ಹಾಡು ಒಂದು ಕಥೆಯಾಗುತ್ತದೆ. ಅದನ್ನು ತೆಗೆದರೆ ಹಾಡಿಗೆ ಓಟ ಬರುತ್ತದೆ, ಕಥೆ ಹೋಗುತ್ತದೆ. ಯಾವುದು ಸರಿ ಎಂದು ಆಗ ಹೇಳುವವರೇ ಇರಲಿಲ್ಲ.

2004ರಲ್ಲಿ ಬ್ರಯಾನ್ ತಾವೇ ಹೇಳಿದರು. ಗೀತರಚನೆಕಾರ ವಾನ್ ಡೈಕ್ ಪಾರ್ಕ್ಸ್ ಅವರನ್ನು ಮತ್ತೆ ಕರೆಸಿ, ಮೂರು ಭಾಗಗಳಲ್ಲಿ ಕೃತಿಯನ್ನು ಪೂರೈಸಿ, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಹಾಡಿ, ಬಳಿಕ ಹೊಸ ತಂಡದೊಂದಿಗೆ ಮುದ್ರಿಸಿದರು. ಆದಿಯಿಂದ ಅಂತ್ಯದವರೆಗೆ ತಡೆಯಿಲ್ಲದೆ ಹರಿಯುವ ರೂಪ ಇದೊಂದೇ. ಆದರೆ ‘ಸರ್ಫ್ಸ್ ಅಪ್’ ಬಂದಾಗ ನನಗೆ ಸಂಕಟವಾಗುತ್ತದೆ. ಅರವತ್ತು ದಾಟಿದ ಕಂಠ ಎತ್ತರದ ಸ್ವರಗಳನ್ನು ಎಚ್ಚರಿಕೆಯಿಂದ ಮುಟ್ಟುತ್ತದೆ. 1966ರ ಟೇಪಿನಲ್ಲಿ ಅದೇ ಕಂಠ ಪಿಯಾನೋ ಜೊತೆ ಅಲ್ಲಿಗೆ ಸುಮ್ಮನೆ ಏರಿಬಿಡುತ್ತದೆ.

2011ರ ‘ದಿ ಸ್ಮೈಲ್ ಸೆಷನ್ಸ್’ ಐದು ಸಿ.ಡಿ.ಗಳ ಪೆಟ್ಟಿಗೆ. ಮೊದಲ ಸಿ.ಡಿ.ಯಲ್ಲಿ ಹಳೆಯ ಟೇಪುಗಳನ್ನು ಹೆಚ್ಚುಕಡಿಮೆ 2004ರ ಕ್ರಮದಲ್ಲೇ ಜೋಡಿಸಿದ್ದಾರೆ. ನನ್ನ ಮತ ಬೀಳುವುದು ಅದಕ್ಕಲ್ಲ, ಉಳಿದ ಸಿ.ಡಿ.ಗಳಿಗೆ. ಅಲ್ಲಿ ಇಪ್ಪತ್ನಾಲ್ಕರ ಹುಡುಗ ಬ್ರಯಾನ್ ನುರಿತ ವಾದ್ಯಗಾರರನ್ನು ನಿಲ್ಲಿಸುತ್ತಾನೆ, ತಿದ್ದುತ್ತಾನೆ, ಮತ್ತೆ ನುಡಿಸಲು ಹೇಳುತ್ತಾನೆ. ಬೆಂಕಿಯನ್ನು ಚಿತ್ರಿಸುವ ವಾದ್ಯಸಂಗೀತಕ್ಕೆ ಎಲ್ಲರ ತಲೆಗೂ ಅಗ್ನಿಶಾಮಕರ ಆಟಿಕೆ ಟೋಪಿ ಹಾಕಿಸಿದ ಮನುಷ್ಯ. ಪಿಟೀಲುಗಳು ಸೈರನ್ನಿನಂತೆ ಜಾರುವುದನ್ನು ಕೇಳಿದರೆ ಟೋಪಿ ಆಟಕ್ಕಲ್ಲ ಎಂದು ಗೊತ್ತಾಗುತ್ತದೆ. ಬೂಟ್‌ಲೆಗ್‌ಗಳಲ್ಲಿ ನಾವು ಹುಡುಕುತ್ತಿದ್ದದ್ದು ಇದನ್ನೇ, ಇನ್ನೂ ತೀರ್ಮಾನವಾಗದ ಸಂಗೀತವನ್ನು. ಇಲ್ಲಿ ಅದು ತಿಳಿಯಾದ ಧ್ವನಿಯಲ್ಲಿ ಸಿಗುತ್ತದೆ.

ಎರಡೇ ಸಿ.ಡಿ.ಗಳ ಅಗ್ಗದ ಆವೃತ್ತಿಯೂ ಇದೆ. ಅದನ್ನು ಕೊಳ್ಳಬೇಡಿ, ಈ ಕೆಲಸದ ಬಹುಪಾಲು ಅದರಲ್ಲಿಲ್ಲ. ಹೊಸಬರು ದೊಡ್ಡ ಪೆಟ್ಟಿಗೆಯ ಮೊದಲ ಸಿ.ಡಿ. ಕೇಳಿ, ನೇರ ಎರಡನೆಯದಕ್ಕೆ ಹೋಗಲಿ: ‘ಹೀರೋಸ್ ಆಂಡ್ ವಿಲನ್ಸ್’ ತುಣುಕುಗಳು ಅಲ್ಲಿವೆ, ಹೊಂದಿಸುವ ಕೆಲಸ ಈಗಲೂ ನಿಮ್ಮದೇ.