150 ಮಾಧ್ಯಮಗಳಲ್ಲಿ ಪ್ರಕಟಣೆ ಖಾತರಿ ಎಂಬ ಮಾತನ್ನು ನಂಬಿ ನಮಗಾದದ್ದು

ಮಕ್ಕಳ ನಡುವೆ ಕೆಲಸ ಮಾಡುವ ಸಣ್ಣ ಸ್ವಯಂಸೇವಾ ಸಂಸ್ಥೆಗಳವರು ತಮ್ಮ ಪತ್ರಿಕಾ ಪ್ರಕಟಣೆಯನ್ನು ಹಣ ಕೊಟ್ಟು ಬೇರೆಯವರಿಂದ ಬರೆಸಿ ಹಂಚಿಸುವ ಆಲೋಚನೆಯಲ್ಲಿದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಸಂಸ್ಥೆ 70,800 ರೂಪಾಯಿ ಕಳೆದುಕೊಂಡಿತು. ಅದಕ್ಕಿಂತ ದೊಡ್ಡ ನಷ್ಟವಾದದ್ದು ಒಬ್ಬ ಹುಡುಗಿಗೆ. ಅದಕ್ಕೆ ಕಾರಣರಾದವರಲ್ಲಿ ನಾನೂ ಒಬ್ಬಳು ಎಂಬುದನ್ನು ಮರೆಮಾಚದೆ ಬರೆಯುತ್ತಿದ್ದೇನೆ.

ನಮ್ಮದು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿರುವ, ಎಂಟು ಜನ ಸಿಬ್ಬಂದಿಯ ಟ್ರಸ್ಟ್. ಶಾಲೆ ಬಿಟ್ಟ ಮಕ್ಕಳನ್ನು ಕೆಲವು ತಿಂಗಳು ಸೇತುಬಂಧ ತರಗತಿಯಲ್ಲಿ ಓದಿಸಿ ಮತ್ತೆ ಶಾಲೆಗೆ ಸೇರಿಸುವುದು, ಬಾಲ್ಯವಿವಾಹದ ಸುಳಿವು ಸಿಕ್ಕಾಗ 1098 ಮಕ್ಕಳ ಸಹಾಯವಾಣಿಗೂ ಸಂಬಂಧಪಟ್ಟ ಇಲಾಖೆಗೂ ತಿಳಿಸಿ ಮನೆಯವರ ಜೊತೆ ಕೂತು ಮಾತನಾಡುವುದು ನಮ್ಮ ಕೆಲಸ. ಸುದ್ದಿಯಾಗಬೇಕೆಂಬ ಹಂಬಲ ನಮಗೆ ಹಿಂದೆ ಇರಲಿಲ್ಲ. ಆದರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ನಿಧಿಯಿಂದ ನಮಗೆ ನೆರವಾಗುತ್ತಿದ್ದ ಕಂಪನಿಯ ಅಧಿಕಾರಿಯೊಬ್ಬರು ಪರಿಶೀಲನಾ ಸಭೆಯಲ್ಲಿ, ಇಷ್ಟೆಲ್ಲ ಮಾಡಿಯೂ ನಿಮ್ಮ ಹೆಸರು ಎಲ್ಲಿಯೂ ಕಾಣಿಸುವುದಿಲ್ಲವಲ್ಲ ಎಂದರು. ಆ ಮಾತು ಟ್ರಸ್ಟಿಗಳಿಗೆ ನಾಟಿತು.

ಮೊದಲು ನಾವೇ ಪ್ರಯತ್ನಿಸಿದೆವು, ಕೆಟ್ಟದಾಗಿಯೇ ಪ್ರಯತ್ನಿಸಿದೆವು. ಮೇಲ್ಗಡೆ ‘ಪ್ರಕಟಣೆಯ ಕೃಪೆಗಾಗಿ’ ಎಂದು ಬರೆದು, ವೇದಿಕೆಯಲ್ಲಿದ್ದ ಗಣ್ಯರ ಹೆಸರುಗಳಿಂದಲೇ ಎರಡು ಪ್ಯಾರಾ ತುಂಬಿಸಿ, ಮಕ್ಕಳ ವಿಷಯವನ್ನು ಕೊನೆಯ ಸಾಲಿಗೆ ತಳ್ಳಿ, ಆ ಹಾಳೆಯ ಫೋಟೋ ತೆಗೆದು ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆವು. ಚಿತ್ರವಾಗಿ ಬಂದ ಪ್ರಕಟಣೆಯನ್ನು ಡೆಸ್ಕಿನಲ್ಲಿ ಯಾರೋ ಕೂತು ಮೊದಲಿನಿಂದ ಟೈಪ್ ಮಾಡಬೇಕಾಗುತ್ತದೆ, ಅದಕ್ಕೆ ಅವರಿಗೆ ಬಿಡುವಿರುವುದಿಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ. ಒಮ್ಮೆಯಂತೂ ಮಕ್ಕಳ ಸಮಾವೇಶವನ್ನು ಜುಲೈ 1ಕ್ಕೆ ಇಟ್ಟುಕೊಂಡೆವು. 1843ರಲ್ಲಿ ಆ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದ ನೆನಪಿಗೆ ರಾಜ್ಯದ ಊರೂರುಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ನಮ್ಮ ತಾಲ್ಲೂಕಿನ ವರದಿಗಾರರೆಲ್ಲ ಅಲ್ಲಿ ಸನ್ಮಾನದ ಶಾಲು ಹೊದ್ದು ಕೂತಿದ್ದರು. ನಮ್ಮಲ್ಲಿಗೆ ಬಂದದ್ದು ಮೈಕಿಗೆ ಯೂಟ್ಯೂಬ್ ಚಾನೆಲ್ಲಿನ ಲೋಗೋ ಸಿಕ್ಕಿಸಿಕೊಂಡ ಒಬ್ಬನೇ ಯುವಕ. ಹೋಗುವಾಗ ಆತ ಪೆಟ್ರೋಲ್ ಖರ್ಚು ಕೇಳಿದ.

ಹೀಗೆ ಸೋತು ಕೂತಿದ್ದಾಗ ಬೆಂಗಳೂರಿನ ಒಂದು ಪ್ರಚಾರ ಸಂಸ್ಥೆಯ ಕರೆ ಬಂತು. ಅವರ ಪ್ಯಾಕೇಜಿಗೆ 60,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ. ಪ್ರತಿಯಾಗಿ ಇಂಗ್ಲಿಷ್ ಮತ್ತು ಕನ್ನಡದಲ್ಲಿ ಪ್ರಕಟಣೆ ಬರೆದುಕೊಟ್ಟು, ‘150ಕ್ಕೂ ಹೆಚ್ಚು ಮಾಧ್ಯಮಗಳಲ್ಲಿ ಪ್ರಕಟಣೆ ಖಾತರಿ’ ಎಂದು ಕಾಗದದಲ್ಲಿಯೇ ಬರೆದುಕೊಟ್ಟರು. ‘ನೀವು ಕೆಲಸ ಮಾಡಿ ಮೇಡಂ, ಹೆಸರು ತರುವುದನ್ನು ನಮಗೆ ಬಿಡಿ’ ಎಂದು ಆ ಕಡೆಯಿಂದ ಮಾತನಾಡಿದವರು ಬಹಳ ವಿನಯದಿಂದ ಹೇಳಿದರು. ಸಿಎಸ್‌ಆರ್ ಹಣವನ್ನು ಇದಕ್ಕೆ ಮುಟ್ಟುವಂತಿರಲಿಲ್ಲವಾದ್ದರಿಂದ ಊರಿನ ಅಂಗಡಿಯವರು, ನಿವೃತ್ತ ಶಿಕ್ಷಕರು ಕೊಟ್ಟಿದ್ದ ದೇಣಿಗೆಯಿಂದ ಹಣ ತೆಗೆದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ‘ಖಾತರಿ’ ಎಂಬ ಪದ ಕಂಡಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಸುದ್ದಿ ಹಾಕಬೇಕೋ ಬೇಡವೋ ಎಂಬುದನ್ನು ಆ ದಿನ ಸಂಜೆ ಪುಟ ಕಟ್ಟುವವರು ನಿರ್ಧರಿಸುತ್ತಾರೆ. ಅದಕ್ಕೆ ಹೊರಗಿನವರು ಖಾತರಿ ಕೊಡುತ್ತಾರೆಂದರೆ ಆ ಜಾಗ ಸುದ್ದಿಯದ್ದಲ್ಲ, ಮಾರಾಟಕ್ಕಿರುವ ಜಾಗ ಎಂದೇ ಅರ್ಥ. ಹಣವನ್ನೋ ವಸ್ತುವನ್ನೋ ಪಡೆದು ಸುದ್ದಿಯ ವೇಷದಲ್ಲಿ ಪ್ರಕಟಿಸಿದ್ದೆಲ್ಲವೂ ಕಾಸಿಗಾಗಿ ಸುದ್ದಿಯೇ ಎಂದು ಭಾರತೀಯ ಪತ್ರಿಕಾ ಮಂಡಳಿ 2010ರ ತನ್ನ ವರದಿಯಲ್ಲಿ ಹೇಳಿದೆ. ಚುನಾವಣೆಯ ಅಭ್ಯರ್ಥಿಗಳು ಹಾಗೆ ಮಾಡಿದಾಗ ಮೂಗು ಮುರಿಯುವ ನಾವು, ಒಳ್ಳೆಯ ಕೆಲಸಕ್ಕಲ್ಲವೇ ಎಂದು ನಮ್ಮ ಸರದಿ ಬಂದಾಗ ಸಮಾಧಾನ ಮಾಡಿಕೊಂಡೆವು. ಜಾಹೀರಾತನ್ನು ಜಾಹೀರಾತೆಂದೇ ಕೊಡುವುದರಲ್ಲಿ ತಪ್ಪೇನೂ ಇಲ್ಲ. ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರಲ್ಲಿ ಅನೇಕರು ವಿಶೇಷಾಂಕಗಳಿಗೆ ಜಾಹೀರಾತು ತರುವ ಹೊಣೆಯನ್ನೂ ಹೊತ್ತಿರುತ್ತಾರೆ, ಕೇಳುತ್ತಾರೆ, ನಾವು ಆಗದು ಎಂದರೆ ಸುಮ್ಮನಾಗುತ್ತಾರೆ. ಆ ವ್ಯವಹಾರದಲ್ಲಿ ಮುಚ್ಚುಮರೆಯಾದರೂ ಇರುವುದಿಲ್ಲ.

ಹತ್ತು ದಿನಗಳ ನಂತರ 163 ಕೊಂಡಿಗಳ ಪಟ್ಟಿ ಬಂತು. ಒಂದೊಂದನ್ನೇ ತೆರೆದು ನೋಡಲು ನಮ್ಮ ಹುಡುಗರಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಹೆಚ್ಚಿನವು ಯಾರೂ ಹೆಸರು ಕೇಳದ ಜಾಲತಾಣಗಳು; ಒಂದು ಅಲ್ಪವಿರಾಮವೂ ಬದಲಾಗದ ಅದೇ ಇಂಗ್ಲಿಷ್ ಪಠ್ಯ ಎಲ್ಲ ಕಡೆ ಅಂಟಿಕೊಂಡಿತ್ತು. ಹೆಸರಾಂತ ಮಾಧ್ಯಮಗಳ ನಾಲ್ಕೈದು ಕೊಂಡಿಗಳಿದ್ದವು ನಿಜ. ಆದರೆ ಅವು ಇದ್ದದ್ದು ಪ್ರಕಟಣೆಗಳಿಗಾಗಿಯೇ ಬೇರೆ ಮಾಡಿದ ಒಂದು ಮೂಲೆಯಲ್ಲಿ. ಪುಟದ ತಳದಲ್ಲಿ, ಇದು ಪತ್ರಿಕಾ ಪ್ರಕಟಣೆ, ಇದರಲ್ಲಿರುವ ವಿಷಯಕ್ಕೆ ನಮ್ಮ ಸಂಪಾದಕೀಯ ವಿಭಾಗ ಹೊಣೆಯಲ್ಲ ಎಂಬ ಸಣ್ಣಕ್ಷರದ ಸಾಲಿತ್ತು. ಆ ಮಾಧ್ಯಮದ ಮುಖಪುಟದಿಂದ ಹೊರಟ ಓದುಗ ಎಷ್ಟು ತಿರುಗಿದರೂ ಅಲ್ಲಿಗೆ ತಲುಪುತ್ತಿರಲಿಲ್ಲ. ಅಚ್ಚಾದ ಪತ್ರಿಕೆಗಳಲ್ಲಿ ಬಂದದ್ದು ಎರಡೇ ಕಡೆ, ಎರಡೂ ನಮ್ಮ ಜಿಲ್ಲೆಯ ಸ್ಥಳೀಯ ದಿನಪತ್ರಿಕೆಗಳು. ಅದೂ ಪ್ರಚಾರ ಸಂಸ್ಥೆಯ ಸಾಮರ್ಥ್ಯದಿಂದಲ್ಲ. ಅವರು ಕಳುಹಿಸಿದ ಕನ್ನಡ ಪ್ರಕಟಣೆಯನ್ನು ನಮ್ಮವರೇ ಒಬ್ಬರು ಆ ಕಚೇರಿಗಳಿಗೆ ಒಯ್ದು ಕೊಟ್ಟಿದ್ದರು.

ಆ ಕನ್ನಡದ ವಿಷಯ ಹೇಳದೆ ಮುಂದೆ ಹೋಗಲಾರೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿದ್ದರು. ಕ್ಷೇತ್ರ ಸಿಬ್ಬಂದಿ ‘ಹೊಲದ ಸಿಬ್ಬಂದಿ’ ಆಗಿದ್ದರು. ಸೇತುಬಂಧ ತರಗತಿ ‘ಸೇತುವೆ ತರಗತಿ’ ಆಗಿತ್ತು. ಒಂದು ಪತ್ರಿಕೆಯ ಉಪಸಂಪಾದಕರು ಕರೆ ಮಾಡಿ, ‘ಮೇಡಂ, ಸೇತುವೆ ಯಾವ ಹಳ್ಳಕ್ಕೆ? ಲೋಕೋಪಯೋಗಿಯವರು ಕಟ್ಟಿದ್ದಾ?’ ಎಂದು ನಗುತ್ತ ಕೇಳಿದರು. ನಾನೂ ನಕ್ಕೆ. ಆಗಲಾದರೂ ಉಳಿದ ಸಾಲುಗಳನ್ನು ಸರಿಯಾಗಿ ಓದಿದ್ದರೆ ಅಚ್ಚಿಗೆ ಹೋಗುವ ಮೊದಲೇ ತಡೆಯಬಹುದಿತ್ತು.

ಮೊದಲ ಪೆಟ್ಟು ಅಂಕಿಯಿಂದ ಬಂತು. ಆರಂಭವಾದಾಗಿನಿಂದ ನಮ್ಮ ಕೇಂದ್ರದ ಮೂಲಕ ಶಾಲೆಗೆ ಮರಳಿದ ಮಕ್ಕಳು 412. ನಮ್ಮ ವಾರ್ಷಿಕ ವರದಿಯಲ್ಲಿಯೂ ಅಷ್ಟೇ ಇದೆ. ಪ್ರಕಟಣೆಯಲ್ಲಿ ‘ಹತ್ತು ಸಾವಿರ ಬದುಕುಗಳನ್ನು ಬದಲಿಸಿದ’ ಎಂದಿತ್ತು. ಜಾಥಾ ನೋಡಿದವರು, ಕರಪತ್ರ ಪಡೆದವರು, ಗೋಡೆಬರಹ ಓದಿದವರು ಎಲ್ಲರನ್ನೂ ಕೂಡಿಸಿ ಆ ಸಂಖ್ಯೆ ಮಾಡಿಕೊಂಡಿದ್ದರಂತೆ. ಯಾರ ಕಣ್ಣಿಗೆ ಬೀಳಲೆಂದು ಇಷ್ಟೆಲ್ಲ ಮಾಡಿದೆವೋ ಆ ಕಂಪನಿಯವರೇ ಎರಡನ್ನೂ ಪಕ್ಕಪಕ್ಕ ಇಟ್ಟು ವಿವರಣೆ ಕೇಳಿದರು, ಉತ್ತರ ತೃಪ್ತಿಯಾಗುವವರೆಗೆ ಎರಡನೆಯ ಕಂತನ್ನು ತಡೆಹಿಡಿದರು. ಮೂರು ತಿಂಗಳು ಸಿಬ್ಬಂದಿಗೆ ಅರ್ಧ ಸಂಬಳ ಕೊಟ್ಟೆವು.

ಎರಡನೆಯದನ್ನು ಬರೆಯಲು ಕಷ್ಟವಾಗುತ್ತದೆ. ಪ್ರಕಟಣೆಗೆ ಒಂದು ‘ಮನಮುಟ್ಟುವ ಕಥೆ’ ಬೇಕು ಎಂದು ಪ್ರಚಾರ ಸಂಸ್ಥೆಯವರು ಕೇಳಿದಾಗ, ಮದುವೆ ತಪ್ಪಿಸಿಕೊಂಡು ನಮ್ಮ ಕೇಂದ್ರಕ್ಕೆ ಓದಲು ಬರುತ್ತಿದ್ದ ಒಬ್ಬ ಹುಡುಗಿಯ ವಿಷಯವನ್ನು ನಮ್ಮ ಸಹೋದ್ಯೋಗಿ ಬರೆದು ಕಳುಹಿಸಿದ್ದರು, ಜೊತೆಗೆ ಹಿಂದಿನಿಂದ ತೆಗೆದ, ಮುಖ ಕಾಣದ ಫೋಟೋ. ಕರಡು ನನ್ನ ಮೊಬೈಲಿಗೆ ಬಂದಾಗ ನಾನು ಕಲಬುರಗಿಯ ಬಸ್ಸಿನಲ್ಲಿದ್ದೆ. ‘ಹೆಸರು ಬದಲಿಸಲಾಗಿದೆ’ ಎಂಬ ಸಾಲು ಕಣ್ಣಿಗೆ ಬಿತ್ತು, ಅಷ್ಟಕ್ಕೇ ನೆಮ್ಮದಿಯಾಗಿ ‘ಸರಿ, ಕಳುಹಿಸಿ’ ಎಂದು ಉತ್ತರಿಸಿದೆ. ಹೆಸರನ್ನು ಬದಲಿಸಿದ್ದರು. ಆದರೆ ಊರಿನ ಹೆಸರು ಹಾಗೆಯೇ ಇತ್ತು, ಅವಳು ಬಿಟ್ಟಿದ್ದ ತರಗತಿ ಇತ್ತು, ತಂದೆ ಯಾವ ಊರಿಗೆ ಯಾವ ಕೆಲಸಕ್ಕೆ ಗುಳೆ ಹೋಗುತ್ತಾರೆಂಬುದಿತ್ತು, ಗಂಡಿನ ಕಡೆಯವರು ಸೋದರಸಂಬಂಧ ಎಂಬುದೂ ಇತ್ತು. ಇನ್ನೂರು ಮನೆಯ ಊರಿನಲ್ಲಿ ಇಷ್ಟು ಹೇಳಿದ ಮೇಲೆ ಹೆಸರನ್ನು ಏನೆಂದು ಬದಲಿಸಿದರೇನು?

ಪತ್ರಿಕೆ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ಅದರ ತುಣುಕು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು. ಗಂಡಿನ ಕಡೆಯವರು ತಮ್ಮ ಮಾನ ಹೋಯಿತೆಂದು ಮನೆಯ ಮುಂದೆ ಬಂದು ಜಗಳ ತೆಗೆದರು. ಮರುದಿನ ನಾವು ಹೋದಾಗ ಹುಡುಗಿ ಹೊರಗೆ ಬರಲಿಲ್ಲ. ಅವಳ ಅಜ್ಜಿ ಮಾತ್ರ ಕಟ್ಟೆಯ ಮೇಲೆ ಕೂತು, ‘ನಿಮ್ಮನ್ನ ನಂಬಿ ಕಳಿಸಿದ್ವಿ ಮೇಡಮ್ಮಾರ, ನಮ್ಮ ಕೂಸಿನ ಸುದ್ದಿ ಊರೂರಿಗೆ ಸಾರಿಬಿಟ್ರಲ್ಲ’ ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ವಾರ ಅವಳನ್ನು ದೂರದ ಚಿಕ್ಕಮ್ಮನ ಊರಿಗೆ ಕಳುಹಿಸಿದರು. ನಮ್ಮ ಕೇಂದ್ರಕ್ಕೆ ಅವಳು ಮತ್ತೆ ಬಂದಿಲ್ಲ.

ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ನಮ್ಮನ್ನು ಕರೆಸಿ ವಿವರಣೆ ಕೇಳಿದಾಗ ಕಾನೂನಿನ ಸಾಲುಗಳನ್ನು ಮೊದಲ ಬಾರಿಗೆ ಸರಿಯಾಗಿ ಓದಿದೆ. ವಯಸ್ಸಿಗೆ ಮುನ್ನ ಮದುವೆಯಾಗುವ ಅಪಾಯ ಎದುರಿಸುತ್ತಿರುವ ಮಗು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು. ಅಂಥ ಮಗುವಿನ ಹೆಸರು, ವಿಳಾಸ, ಶಾಲೆ ಮಾತ್ರವಲ್ಲ, ಗುರುತು ಪತ್ತೆಯಾಗಲು ಕಾರಣವಾಗಬಹುದಾದ ಯಾವುದೇ ವಿವರವನ್ನೂ ಚಿತ್ರವನ್ನೂ ಪತ್ರಿಕೆಯಲ್ಲಾಗಲಿ ಬೇರೆ ಯಾವ ಸಂವಹನ ಮಾಧ್ಯಮದಲ್ಲಾಗಲಿ ಪ್ರಕಟಿಸುವಂತಿಲ್ಲ ಎನ್ನುತ್ತದೆ ಅದರ 74ನೆಯ ಸೆಕ್ಷನ್. ಮಗುವಿನ ಹಿತಕ್ಕಾಗಿ ಬಹಿರಂಗಪಡಿಸುವುದು ಅಗತ್ಯವೆಂದು ತೋರಿದರೆ ಬಾಲನ್ಯಾಯ ಮಂಡಳಿ ಅಥವಾ ಮಕ್ಕಳ ಕಲ್ಯಾಣ ಸಮಿತಿ ಕಾರಣಗಳನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಡಬೇಕು. ಮೀರಿದವರಿಗೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತಾಯಿ ಒಪ್ಪಿದ್ದರು ಎಂದು ನಾವು ಹೇಳಿದ್ದಕ್ಕೆ ಸಮಿತಿಯ ಸದಸ್ಯರೊಬ್ಬರು, ಆ ತಾಯಿಗೆ ಪ್ರಕಟಣೆಯನ್ನು ಓದಿ ಹೇಳಿದ್ದಿರಾ ಎಂದು ಕೇಳಿದರು. ಓದಿ ಹೇಳಿರಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು. ಪ್ರಚಾರ ಸಂಸ್ಥೆಯವರು ಮಾತ್ರ ಅಂತಿಮ ಕರಡನ್ನು ನೀವೇ ಒಪ್ಪಿದ್ದೀರಿ ಎಂದು ನನ್ನ ‘ಸರಿ, ಕಳುಹಿಸಿ’ ಸಂದೇಶವನ್ನು ನನಗೇ ಕಳುಹಿಸಿ ಕೈ ತೊಳೆದುಕೊಂಡರು. ಅದರಲ್ಲಿ ಅವರು ಹೇಳಿದ್ದು ಸುಳ್ಳೇನಲ್ಲ; ಪ್ರಕಟಣೆಯ ಕೆಳಗೆ ಇದ್ದದ್ದು ನನ್ನ ಹೆಸರೇ.

ಪ್ರಕಟಣೆಯನ್ನು ಹಿಂಪಡೆಯಲು ಹೊರಟಾಗ ಆ 163ರ ಇನ್ನೊಂದು ಮುಖ ಕಂಡಿತು. ಜಿಲ್ಲೆಯ ಎರಡೂ ಪತ್ರಿಕೆಗಳ ಸಂಪಾದಕರು ಒಂದೇ ಕರೆಗೆ ತಮ್ಮ ಜಾಲತಾಣದಿಂದ ವರದಿಯನ್ನು ತೆಗೆದರು, ಒಬ್ಬರು ಬೈದು ತೆಗೆದರು. ಯಾರೂ ಓದದಿದ್ದ ಉಳಿದ ತಾಣಗಳಿಗೆ ಪ್ರಕಟಣೆ ತಾನಾಗಿಯೇ ಹರಿದುಹೋಗಿತ್ತು. ಅವುಗಳಲ್ಲಿ ಅನೇಕಕ್ಕೆ ದೂರವಾಣಿಯಿಲ್ಲ, ವಿಳಾಸವಿಲ್ಲ. ಡಿಜಿಟಲ್ ಸುದ್ದಿ ಪ್ರಕಟಿಸುವವರು ದೂರು ಪರಿಹಾರ ಅಧಿಕಾರಿಯನ್ನು ನೇಮಿಸಬೇಕು, 15 ದಿನಗಳೊಳಗೆ ದೂರಿನ ಬಗ್ಗೆ ತೀರ್ಮಾನ ತಿಳಿಸಬೇಕು ಎಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿದೆ. ಆ ನಿಯಮವನ್ನು ಉಲ್ಲೇಖಿಸಿ ಬರೆದಾಗ ಕೆಲವರು ತೆಗೆದರು. ನಾಲ್ಕು ತಿಂಗಳಲ್ಲಿ 140ರಷ್ಟು ಪುಟಗಳು ಇಳಿದವು. ಊರಿನ ಹೆಸರು ಹಾಕಿ ಹುಡುಕಿದರೆ ಉಳಿದವು ಈಗಲೂ ಸಿಗುತ್ತವೆ.

ಈಗ ನಮ್ಮ ಪ್ರಕಟಣೆಯನ್ನು ನಾವೇ ಬರೆಯುತ್ತೇವೆ. ಯಾವಾಗ, ಎಲ್ಲಿ, ಏನು ಎಂಬುದು ಮೊದಲ ಎರಡು ವಾಕ್ಯದಲ್ಲಿ ಮುಗಿಯುತ್ತದೆ, ಗಣ್ಯರು ಕೊನೆಗೆ ಬರುತ್ತಾರೆ, ಒಟ್ಟು ಒಂದು ಪುಟ ಮೀರುವುದಿಲ್ಲ. ಕೆಲವು ಪತ್ರಿಕೆಗಳ ಡೆಸ್ಕಿಗೆ ‘ನುಡಿ’ ತಂತ್ರಾಂಶದ ಕಡತ ಬೇಕು, ಕೆಲವಕ್ಕೆ ಯೂನಿಕೋಡ್ ಬೇಕು, ಆದ್ದರಿಂದ ಎರಡನ್ನೂ ಮೇಲ್‌ನಲ್ಲಿ ಕಳುಹಿಸುತ್ತೇವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಅರ್ಕಾವೊತ್ತು ಜಾಗ ತಪ್ಪಿದೆಯೇ ಎಂದು ನೋಡುವುದು ಒಂದು ಕೆಲಸವೇ ಆಗಿದೆ. ಫೋಟೋ ಬೇರೆಯಾಗಿ ಹೋಗುತ್ತದೆ, ಅದರಲ್ಲಿ ಮಕ್ಕಳಿರುವುದಿಲ್ಲ. ಜಿಲ್ಲಾ ಆವೃತ್ತಿಯ ಪುಟಗಳು ಸಂಜೆಗೆ ಕಟ್ಟಿಬಿಡುವುದರಿಂದ ನಾಲ್ಕು ಗಂಟೆಯೊಳಗೆ ತಲುಪಿಸುತ್ತೇವೆ. ಅಂಕಿಗಳನ್ನು ವಾರ್ಷಿಕ ವರದಿಯ ಪುಟಸಂಖ್ಯೆಯ ಸಮೇತ ನಮ್ಮ ಲೆಕ್ಕ ಬರೆಯುವವರು ತಾಳೆ ನೋಡಿ ಸಹಿ ಮಾಡಿದ ಮೇಲೆಯೇ ಪ್ರಕಟಣೆ ಹೊರಗೆ ಹೋಗುತ್ತದೆ. ವೈಯಕ್ತಿಕ ಕಥೆ ಬೇಕೆಂದು ವರದಿಗಾರರು ಕೇಳಿದರೆ ನಮ್ಮ ಸಿಬ್ಬಂದಿಯೊಬ್ಬರ ಅನುಭವ ಹೇಳುತ್ತೇವೆ, ಅಥವಾ ಊರು ತಾಲ್ಲೂಕು ಎರಡೂ ಗೊತ್ತಾಗದಂತೆ ಮಾತನಾಡುತ್ತೇವೆ. ಇದರಿಂದ ಸುದ್ದಿ ಸಪ್ಪೆಯಾಯಿತೆಂದು ಒಬ್ಬ ವರದಿಗಾರರು ಬೇಸರಪಟ್ಟುಕೊಂಡರು. ಇನ್ನೊಬ್ಬರು ಎರಡು ದಿನ ನಮ್ಮ ತರಗತಿಯಲ್ಲಿ ಕೂತು, ಶಾಲೆಗೆ ಮರಳಿದ ಮಕ್ಕಳಿಗೆ ವರ್ಗಾವಣೆ ಪತ್ರ ಸಿಗದೆ ಆಗುವ ತೊಂದರೆಯನ್ನು ಬರೆದರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಮರುವಾರವೇ ಕರೆ ಬಂತು. ಅದಕ್ಕೆ ನಮಗೆ ಖರ್ಚಾದದ್ದು ಅವರಿಗೆ ಕೊಟ್ಟ ಚಹಾ ಮತ್ತು ಮಂಡಕ್ಕಿ.

ಕಳೆದ ತಿಂಗಳು ಆ ಪ್ರಚಾರ ಸಂಸ್ಥೆಯಿಂದ ಒಂದು ಮೇಲ್ ಬಂದಿದೆ. ನಮ್ಮ ಪ್ಯಾಕೇಜ್ ನವೀಕರಿಸುವ ಸಮಯವಾಗಿದೆಯಂತೆ, ಹಳೆಯ ಗ್ರಾಹಕರೆಂದು ರಿಯಾಯಿತಿ ಕೊಡುತ್ತಾರಂತೆ. ಅದರ ಕೆಳಗೆಯೇ ಹೊಸದೊಂದು ಸೇವೆಯ ದರಪಟ್ಟಿಯಿದೆ: ಜಾಲತಾಣಗಳಲ್ಲಿ ಉಳಿದಿರುವ ಬೇಡವಾದ ಪುಟಗಳನ್ನು ತೆಗೆಸಿಕೊಡಲು, ಪುಟವೊಂದಕ್ಕೆ 4,000 ರೂಪಾಯಿ.