ಟೈಟಲ್ ಒನ್ ಹಣ: ಇಡೀ ಶಾಲೆಗೋ, ಆಯ್ದ ಮಕ್ಕಳಿಗೋ?

ಅಮೆರಿಕದಲ್ಲಿ ಮಗಳ ಶಾಲೆಯ ಪೋಷಕರ ಸಮಿತಿ ಸೇರಿರುವ ನೀವು, ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಫೆಡರಲ್ (ಕೇಂದ್ರ) ಸರ್ಕಾರ ಕೊಡುವ ಟೈಟಲ್ ಒನ್ ಹಣಕ್ಕೆ 'ಸ್ಕೂಲ್‌ವೈಡ್' (ಇಡೀ ಶಾಲೆಗೆ ಖರ್ಚು ಮಾಡುವುದು) ಒಳ್ಳೆಯದೋ 'ಟಾರ್ಗೆಟೆಡ್' (ಹಿಂದುಳಿದ ಆಯ್ದ ಮಕ್ಕಳಿಗಷ್ಟೇ ಖರ್ಚು ಮಾಡುವುದು) ಒಳ್ಳೆಯದೋ ಎಂದು ಕೇಳಿದ್ದೀರಿ.

ಮೊದಲು ಅರ್ಹತೆ ನೋಡಿ. ಸ್ಕೂಲ್‌ವೈಡ್‌ಗೆ ಶಾಲೆಯ ಕನಿಷ್ಠ 40% ಮಕ್ಕಳು ಬಡ ಕುಟುಂಬದವರಾಗಿರಬೇಕು. ಕಡಿಮೆಯಿದ್ದರೆ ರಾಜ್ಯದ ವಿನಾಯಿತಿ ಬೇಕು.

ನಿಜವಾದ ಜಗ್ಗಾಟ ಇರುವುದು ಕಾಗದಪತ್ರದಲ್ಲಿ. ಟಾರ್ಗೆಟೆಡ್‌ನಲ್ಲಿ ಯಾವ ಮಗು ಕಲಿಕೆಯಲ್ಲಿ ಹಿಂದುಳಿದಿದೆ ಎಂದು ಹಲವು ಮಾನದಂಡಗಳಿಂದ ಗುರುತಿಸಬೇಕು. ಈ ಹಣದಲ್ಲಿ ಸಂಬಳ ಪಡೆಯುವ ಶಿಕ್ಷಕರು ಆ ಮಕ್ಕಳಿಗೇ ದುಡಿದರು ಎಂಬುದಕ್ಕೆ ದಾಖಲೆ ಇರಬೇಕು. ಸ್ಕೂಲ್‌ವೈಡ್‌ನಲ್ಲಿ ಆ ಪಟ್ಟಿಯ ಗೋಜಿಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ: ಇಡೀ ಶಾಲೆಯ ಅಗತ್ಯಗಳ ಸಮೀಕ್ಷೆ, ಸಾಮಾನ್ಯವಾಗಿ ಒಂದು ವರ್ಷದ ತಯಾರಿ, ಆಮೇಲೆ ಪ್ರತಿವರ್ಷ ಮೌಲ್ಯಮಾಪನ.

ಮಕ್ಕಳ ದೃಷ್ಟಿಯಿಂದ? ಟಾರ್ಗೆಟೆಡ್‌ನಲ್ಲಿ ಮಗುವನ್ನು ಹೆಚ್ಚುವರಿ ಪಾಠಕ್ಕೆಂದು ತರಗತಿಯಿಂದ ಎಬ್ಬಿಸಿ ಕರೆದೊಯ್ದರೆ ಅಲ್ಲಿನ ಪಾಠ ತಪ್ಪುತ್ತದೆ, 'ದಡ್ಡ' ಎಂಬ ಹಣೆಪಟ್ಟಿಯೂ ಅಂಟಬಹುದು. ಇದನ್ನು ಆದಷ್ಟು ತಪ್ಪಿಸಿ ಎಂದು ಕಾನೂನೇ ಹೇಳುತ್ತದೆ. ಸ್ಕೂಲ್‌ವೈಡ್‌ನ ಅಪಾಯ ಬೇರೆ: ಹಣ ಎಲ್ಲ ಕಡೆ ಚೆಲ್ಲಿಹೋಗಿ, ತೀರಾ ಹಿಂದಿರುವ ಮಗುವಿಗೆ ಏನೂ ದಕ್ಕದಿರಬಹುದು.

ಅನುದಾನ ಚಿಕ್ಕದು, ಓದಲು ತೊಡಕಿರುವ ಮಕ್ಕಳು ಇಪ್ಪತ್ತೋ ಮೂವತ್ತೋ ಎಂದಾದರೆ ನಾನು ಟಾರ್ಗೆಟೆಡ್ ಅನ್ನುತ್ತೇನೆ. ಅರ್ಧ ಶಾಲೆಯೇ ಗಣಿತದಲ್ಲಿ ಎಡವುತ್ತಿದ್ದರೆ ಆಯ್ಕೆಪಟ್ಟಿ ಮಾಡುವುದರಲ್ಲಿ ಅರ್ಥವಿಲ್ಲ, ಸ್ಕೂಲ್‌ವೈಡ್‌ಗೆ ಹೋಗಿ. ಯಾವುದೇ ಆದರೂ ಈ ಹಣ ರಾಜ್ಯ ಮತ್ತು ಸ್ಥಳೀಯ ಅನುದಾನದ ಮೇಲೆ ಸೇರಬೇಕು, ಅದರ ಜಾಗಕ್ಕೆ ಬರಬಾರದು. ಶಾಲೆ ಪ್ರತಿವರ್ಷ ಕರೆಯಲೇಬೇಕಾದ ಪೋಷಕರ ಸಭೆಯಲ್ಲಿ ಇದನ್ನು ಕೇಳಿ.